ಅಂತರ್ಜಾಲ ತಂತ್ರಾಂಶಗಳಲ್ಲಿ ನಾಗರಿಕರ ಪಾಸ್‌ವರ್ಡ್‌ಗಳ ಸುರಕ್ಷಿತ ಸಂಗ್ರಹಣೆ: ಗ್ರಾಮ ಪಂಚಾಯತಿ ಸದಸ್ಯರಿಗೆ ಮಾಹಿತಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳ ಗ್ರಾಮ ಪಂಚಾಯತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರ ಅವಗಾಹನೆಗಾಗಿ.

1. ಈ ವಿಷಯ ನಮಗೇಕೆ ಸಂಬಂಧಿಸಿದೆ

ಗ್ರಾಮ ಪಂಚಾಯತಿಯ ದೈನಂದಿನ ವ್ಯವಹಾರವು ಕಾಗದದ ವಹಿಗಳಿಂದ ಗಣಕಯಂತ್ರಕ್ಕೆ ಬಹುಮಟ್ಟಿಗೆ ವರ್ಗಾವಣೆಗೊಂಡಿದೆ. ಆಸ್ತಿಗಳ ನಮೂನೆ 9 ಮತ್ತು 11 ಇ-ಸ್ವತ್ತು ತಂತ್ರಾಂಶದ ಮೂಲಕ ದೊರೆಯುತ್ತವೆ. ಲೆಕ್ಕಪತ್ರಗಳು ಪಂಚತಂತ್ರದಲ್ಲಿಯೂ, ಯೋಜನಾ ವಿವರಗಳು ಇ-ಗ್ರಾಮಸ್ವರಾಜ್‌ನಲ್ಲಿಯೂ ದಾಖಲಾಗುತ್ತವೆ. ಇವೆಲ್ಲವೂ ರಾಜ್ಯ ಅಥವಾ ಕೇಂದ್ರ ಸರ್ಕಾರದ ತಂತ್ರಾಂಶಗಳಾದುದರಿಂದ, ಅವುಗಳಲ್ಲಿ ಪಾಸ್‌ವರ್ಡ್‌ಗಳನ್ನು ಕಾಪಾಡುವ ಹೊಣೆಯು ಆಯಾ ಇಲಾಖೆಗಳದ್ದಾಗಿರುತ್ತದೆ.

ಆದರೆ ಪಂಚಾಯತಿಯು ತನ್ನದೇ ಆದ ತಂತ್ರಾಂಶವನ್ನು ಖಾಸಗಿಯವರಿಂದ ಮಾಡಿಸಿಕೊಂಡಾಗ ಸ್ಥಿತಿ ಬೇರೆಯಾಗುತ್ತದೆ. ಉದಾಹರಣೆಗೆ, ಚಿಕ್ಕೋಡಿ ತಾಲ್ಲೂಕಿನ ಕರೋಶಿಯಂತಹ ಒಂದು ದೊಡ್ಡ ಗ್ರಾಮವು ನೀರಿನ ಕರ ಪಾವತಿ ಹಾಗೂ ದೂರು ನೋಂದಣಿಗಾಗಿ ಜಾಲತಾಣವೊಂದನ್ನು ಮಾಡಿಸಲು ಉದ್ದೇಶಿಸಿದೆ ಎಂದು ಭಾವಿಸೋಣ. ಊರಲ್ಲಿರುವವರು ಮಾತ್ರವಲ್ಲದೆ, ಕೊಲ್ಲಾಪುರ, ಇಚಲಕರಂಜಿ, ಪುಣೆಗಳಲ್ಲಿ ದುಡಿಯುತ್ತಿರುವ ಮಕ್ಕಳೂ ಅಲ್ಲಿಂದಲೇ ಮನೆಯ ಕರ ತುಂಬಬಹುದು. ಅದಕ್ಕಾಗಿ ಪ್ರತಿ ಕುಟುಂಬವೂ ಮೊಬೈಲ್ ಸಂಖ್ಯೆ ಹಾಗೂ ಒಂದು ಪಾಸ್‌ವರ್ಡ್ ನೀಡಿ ಖಾತೆ ತೆರೆಯುತ್ತದೆ. ಆ ಪಾಸ್‌ವರ್ಡ್ ಎಲ್ಲಿಗೆ ಹೋಗುತ್ತದೆ, ಯಾವ ರೂಪದಲ್ಲಿ ಉಳಿಯುತ್ತದೆ, ಅದನ್ನು ಯಾರು ಓದಬಲ್ಲರು ಎಂಬ ಪ್ರಶ್ನೆಗಳಿಗೆ ಉತ್ತರಿಸುವ ಹೊಣೆ, ಆ ತಂತ್ರಾಂಶಕ್ಕೆ ಠರಾವು ಮಾಡಿದ ಸಭೆಯ ಮೇಲೆಯೇ ಬರುತ್ತದೆ.

ನೀರಿನ ಕರದ ಲೆಕ್ಕವನ್ನು ಕದ್ದು ಯಾರಿಗೇನು ಲಾಭ ಎಂದು ಕೇಳಬಹುದು. ಕಳ್ಳನಿಗೆ ಬೇಕಿರುವುದು ಆ ಲೆಕ್ಕವಲ್ಲ. ನೆನಪಿಡಲು ಸುಲಭವೆಂದು ಬಹಳಷ್ಟು ಜನರು ಒಂದೇ ಪಾಸ್‌ವರ್ಡನ್ನು ಹಲವು ಕಡೆ ಬಳಸುತ್ತಾರೆ. ನೀರಿನ ಕರದ ಜಾಲತಾಣಕ್ಕೆ ಕೊಟ್ಟ ಪಾಸ್‌ವರ್ಡೇ ಇ-ಮೇಲ್‌ಗೂ ಇದ್ದರೆ, ಇ-ಮೇಲ್ ಮೂಲಕ ಉಳಿದ ಖಾತೆಗಳ ಪಾಸ್‌ವರ್ಡ್‌ಗಳನ್ನೂ ಬದಲಾಯಿಸಲು ಸಾಧ್ಯವಾಗುತ್ತದೆ. ಹೀಗೆ ಪಂಚಾಯತಿಯ ಸಣ್ಣ ತಂತ್ರಾಂಶದಲ್ಲಾದ ಸೋರಿಕೆಯ ನಷ್ಟವನ್ನು ಗ್ರಾಮಸ್ಥರು ಬೇರೆಲ್ಲೋ ಭರಿಸಬೇಕಾಗುತ್ತದೆ.

ಆದುದರಿಂದ ಈ ಲೇಖನದ ತಾತ್ಪರ್ಯ ಇಷ್ಟೇ: ನಾಗರಿಕನ ಪಾಸ್‌ವರ್ಡನ್ನು ಆ ನಾಗರಿಕನ ಹೊರತು ಮತ್ತಾರೂ ಓದಲಾಗದಂತೆ ಸಂಗ್ರಹಿಸಬೇಕು. ತಂತ್ರಾಂಶ ತಯಾರಿಸಿದವರಾಗಲಿ, ಪಂಚಾಯತಿಯ ಗಣಕ ನಿರ್ವಾಹಕರಾಗಲಿ, ಅಧಿಕಾರಿಗಳಾಗಲಿ ಇದಕ್ಕೆ ಹೊರತಲ್ಲ. ಇದು ಸಾಧ್ಯವಿರುವ ಕಾರ್ಯ. ಇದಕ್ಕೆ ಬೇಕಾದ ಸಾಧನಗಳು ಉಚಿತವಾಗಿಯೇ ಲಭ್ಯವಿವೆ.

2. ಇದ್ದಂತೆಯೇ ಬರೆದಿಡುವ ಪದ್ಧತಿ ಮತ್ತು ಅದರ ಅಪಾಯ

ಡೇಟಾಬೇಸ್ ಎಂದರೆ ಗಣಕಯಂತ್ರದೊಳಗಿನ ವಹಿ. ಅದರಲ್ಲಿ ಹೆಸರು, ಮೊಬೈಲ್ ಸಂಖ್ಯೆ, ಮನೆ ಸಂಖ್ಯೆ ಇತ್ಯಾದಿ ಕಾಲಂಗಳಿರುತ್ತವೆ. ಅನುಭವವಿಲ್ಲದವರು ತಂತ್ರಾಂಶ ತಯಾರಿಸಿದಾಗ, ಇವುಗಳ ಪಕ್ಕದ ಕಾಲಂನಲ್ಲಿ ನಾಗರಿಕನು ಬೆರಳಚ್ಚಿಸಿದ ಪಾಸ್‌ವರ್ಡನ್ನೂ ಇದ್ದಂತೆಯೇ ಬರೆದಿಡುತ್ತಾರೆ. ಆ ವಹಿಯನ್ನು ತೆರೆಯಬಲ್ಲ ಯಾರೇ ಆದರೂ ಇಡೀ ಊರಿನ ಪಾಸ್‌ವರ್ಡ್‌ಗಳನ್ನು ಓದಬಹುದು.

ಇದರ ಅಪಾಯವು ಗಣಕಯಂತ್ರಗಳಷ್ಟೇ ಹಳೆಯದೆನ್ನಬಹುದು. 1960ರ ದಶಕದಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಹಲವರು ಒಟ್ಟಾಗಿ ಬಳಸುತ್ತಿದ್ದ ಗಣಕಯಂತ್ರವೊಂದರಲ್ಲಿ, ಸ್ವಾಗತ ಸಂದೇಶದ ಕಡತ ಹಾಗೂ ಪಾಸ್‌ವರ್ಡ್‌ಗಳ ಕಡತ ಅದಲುಬದಲಾದವು. ಅಂದು ಪ್ರವೇಶಿಸಿದವರೆಲ್ಲರಿಗೂ ಸ್ವಾಗತದ ಬದಲು ಎಲ್ಲರ ಪಾಸ್‌ವರ್ಡ್‌ಗಳೇ ಕಾಣಿಸಿಕೊಂಡವು. ಅಲ್ಲಿ ಕಳ್ಳನಿರಲಿಲ್ಲ, ಓದಬಹುದಾದ ರೂಪದಲ್ಲಿ ಪಟ್ಟಿ ಇದ್ದುದೇ ಅನಾಹುತಕ್ಕೆ ಸಾಕಾಯಿತು. 2009ರ ಡಿಸೆಂಬರ್‌ನಲ್ಲಿ ರಾಕ್‌ಯೂ ಎಂಬ ಅಮೆರಿಕದ ಸಂಸ್ಥೆಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡ್‌ಗಳು ಇದ್ದ ರೂಪದಲ್ಲಿಯೇ ಹೊರಬಿದ್ದವು. ಅವುಗಳಲ್ಲಿ ಅತಿ ಹೆಚ್ಚು ಜನ ಬಳಸಿದ್ದ ಪಾಸ್‌ವರ್ಡ್ 123456. ಬೇರೆಯವರ ಪಾಸ್‌ವರ್ಡ್‌ಗಳನ್ನು ಊಹಿಸಲು ಆ ಪಟ್ಟಿ ಇಂದಿಗೂ ಬಳಕೆಯಲ್ಲಿದೆ.

3. ಬೀಗ ಹಾಕಿಡುವ ಪದ್ಧತಿ ಸಾಲದು

‘ನಾವು ಪಾಸ್‌ವರ್ಡ್‌ಗಳನ್ನು ಗೂಢಲಿಪಿಯಲ್ಲಿ ಇಡುತ್ತೇವೆ’ ಎಂದು ಗುತ್ತಿಗೆದಾರರು ಹೇಳಿದಾಗ ಸಮಾಧಾನಪಡುವುದು ಸಹಜ. ಗೂಢಲಿಪಿಯೆಂದರೆ ತಿಜೋರಿಯಲ್ಲಿಟ್ಟು ಬೀಗ ಹಾಕಿದಂತೆ. ಬೀಗವಿದ್ದಲ್ಲಿ ಕೀಲಿಯೂ ಇರುತ್ತದೆ. ತಂತ್ರಾಂಶವು ಪ್ರತಿ ಬಾರಿ ಪಾಸ್‌ವರ್ಡ್ ಹೋಲಿಸಿ ನೋಡಲು ಆ ಕೀಲಿಯು ಸಾಮಾನ್ಯವಾಗಿ ಅದೇ ಸರ್ವರ್‌ನ ಒಂದು ಮೂಲೆಯಲ್ಲಿಯೇ ಇರುತ್ತದೆ. ವಹಿಯನ್ನು ಕದಿಯಲು ಬಂದವನು ಕೀಲಿಯನ್ನೂ ಒಯ್ಯುವ ಸಂಭವವಿದೆ. ಕೆಲಸ ಬಿಟ್ಟುಹೋದ ನೌಕರನ ಬಳಿ ಅದರ ಪ್ರತಿ ಉಳಿದಿರಲೂಬಹುದು.

2013ರಲ್ಲಿ ಅಡೋಬಿ ಸಂಸ್ಥೆಯ ಕೋಟ್ಯಂತರ ಬಳಕೆದಾರರ ವಿವರಗಳು ಸೋರಿಕೆಯಾದಾಗ, ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿಯೇ ಇದ್ದವು. ಆದರೆ ಒಂದೇ ಪಾಸ್‌ವರ್ಡ್ ಇಟ್ಟುಕೊಂಡವರೆಲ್ಲರ ಗೂಢಲಿಪಿಯೂ ಒಂದೇ ಆಗಿತ್ತು. ಜೊತೆಗೆ, ನೆನಪಿಗಾಗಿ ಬಳಕೆದಾರರು ಬರೆದಿದ್ದ ಸುಳಿವುಗಳು ಬಯಲಾಗಿಯೇ ಇದ್ದವು. ಸುಳಿವುಗಳನ್ನು ಒಟ್ಟುಗೂಡಿಸಿ ನೋಡಿದವರು ಕೀಲಿಯಿಲ್ಲದೆಯೇ ಅನೇಕ ಪಾಸ್‌ವರ್ಡ್‌ಗಳನ್ನು ಊಹಿಸಿದರು. ಮರಳಿ ತೆಗೆಯಬಹುದಾದ ರೂಪದಲ್ಲಿ ಪಾಸ್‌ವರ್ಡನ್ನು ಇಡಲೇಬಾರದು ಎಂಬುದು ಇದರಿಂದ ತಿಳಿಯಬೇಕಾದ ಅಂಶ.

4. ಹ್ಯಾಷ್: ಗುರುತನ್ನು ಮಾತ್ರ ಇಡುವ ಪದ್ಧತಿ

ಪಂಚಾಯತಿಯ ವಹಿಗಳಲ್ಲಿ ಹೆಬ್ಬೆಟ್ಟಿನ ಗುರುತು ನಮಗೆಲ್ಲ ಪರಿಚಿತ. ಆ ಗುರುತಿನಿಂದ ಬೆರಳನ್ನು ಮರಳಿ ಸೃಷ್ಟಿಸಲಾಗದು. ಆದರೆ ಅದೇ ವ್ಯಕ್ತಿ ಮತ್ತೆ ಬಂದು ಹೆಬ್ಬೆಟ್ಟು ಒತ್ತಿದರೆ ಎರಡೂ ಗುರುತುಗಳನ್ನು ಹೋಲಿಸಿ, ಆತನೇ ಹೌದೆಂದು ಹೇಳಬಹುದು. ಪಾಸ್‌ವರ್ಡ್‌ಗಳ ವಿಷಯದಲ್ಲಿಯೂ ಇದೇ ಕ್ರಮವನ್ನು ಅನುಸರಿಸಲು ಸಾಧ್ಯವಿದೆ. ನಾಗರಿಕನು ಕೊಟ್ಟ ಪಾಸ್‌ವರ್ಡನ್ನು ಗಣಿತದ ಒಂದು ನಿಶ್ಚಿತ ಕ್ರಿಯೆಗೆ ಒಳಪಡಿಸಿ, ಅದರಿಂದ ಬರುವ ಗುರುತನ್ನು ಮಾತ್ರ ವಹಿಯಲ್ಲಿ ಬರೆದಿಡಲಾಗುತ್ತದೆ. ಈ ಗುರುತಿಗೆ ಹ್ಯಾಷ್ ಎಂದು ಹೆಸರು. ಮೂಲ ಪಾಸ್‌ವರ್ಡನ್ನು ಎಲ್ಲಿಯೂ ಬರೆಯಲಾಗುವುದಿಲ್ಲ.

ಈ ಕ್ರಿಯೆಯು ಒಂದೇ ದಿಕ್ಕಿನದು. ಗಾಣದಲ್ಲಿ ಅರೆದ ಕಬ್ಬಿನಿಂದ ರಸ ಬರುತ್ತದೆ. ರಸದಿಂದ ಕಬ್ಬಿನ ಗಳ ಮತ್ತೆ ಬಾರದು. ಹಾಗೆಯೇ ಪಾಸ್‌ವರ್ಡ್‌ನಿಂದ ಹ್ಯಾಷ್ ಪಡೆಯುವುದು ಸುಲಭ, ಹ್ಯಾಷ್‌ನಿಂದ ಪಾಸ್‌ವರ್ಡ್ ಪಡೆಯಲು ನೇರ ದಾರಿಯಿಲ್ಲ. ಪಾಸ್‌ವರ್ಡ್‌ನಲ್ಲಿ ಒಂದೇ ಅಕ್ಷರ ಬದಲಾದರೂ ಹ್ಯಾಷ್ ಸಂಪೂರ್ಣ ಬೇರೆಯಾಗುತ್ತದೆ. ಮರುದಿನ ಅದೇ ನಾಗರಿಕನು ಪ್ರವೇಶಿಸುವಾಗ, ಬೆರಳಚ್ಚಿಸಿದ ಪಾಸ್‌ವರ್ಡ್‌ನ ಹ್ಯಾಷ್ ಅನ್ನು ತಂತ್ರಾಂಶವು ಹೊಸದಾಗಿ ತಯಾರಿಸಿ, ವಹಿಯಲ್ಲಿರುವುದರೊಂದಿಗೆ ಹೋಲಿಸುತ್ತದೆ. ಎರಡೂ ಒಂದೇ ಆದರೆ ಪ್ರವೇಶ ದೊರೆಯುತ್ತದೆ.

5. ಉಪ್ಪು ಬೆರೆಸುವುದು

ಹ್ಯಾಷ್‌ಗೂ ಒಂದು ದೌರ್ಬಲ್ಯವಿದೆ. ಒಂದೇ ಪಾಸ್‌ವರ್ಡ್‌ಗೆ ಯಾವಾಗಲೂ ಒಂದೇ ಹ್ಯಾಷ್ ಬರುತ್ತದೆ. ಊರಿನ ಐವತ್ತು ಜನರು 123456 ಎಂದೇ ಇಟ್ಟುಕೊಂಡಿದ್ದರೆ ಐವತ್ತು ಸಾಲುಗಳಲ್ಲಿಯೂ ಒಂದೇ ಗುರುತು ಕಾಣುತ್ತದೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಕೋಟ್ಯಂತರ ಪಾಸ್‌ವರ್ಡ್‌ಗಳ ಹ್ಯಾಷ್‌ಗಳನ್ನು ಮೊದಲೇ ಲೆಕ್ಕಹಾಕಿ ಪಟ್ಟಿ ಮಾಡಿಟ್ಟುಕೊಂಡವನು, ಕದ್ದ ವಹಿಯನ್ನು ಆ ಪಟ್ಟಿಯೊಂದಿಗೆ ತಾಳೆ ನೋಡಿದರೆ ಸಾಕು.

ಇದಕ್ಕೆ ಪರಿಹಾರವಾಗಿ ಪ್ರತಿಯೊಬ್ಬರ ಪಾಸ್‌ವರ್ಡ್‌ಗೂ ಬೇರೆ ಬೇರೆ ಯಾದೃಚ್ಛಿಕ ಅಕ್ಷರಗಳನ್ನು ಸೇರಿಸಿ ನಂತರ ಹ್ಯಾಷ್ ಮಾಡಲಾಗುತ್ತದೆ. ಹೀಗೆ ಸೇರಿಸುವುದನ್ನು ತಂತ್ರಜ್ಞರು ಸಾಲ್ಟ್, ಅಂದರೆ ಉಪ್ಪು ಎಂದೇ ಕರೆಯುತ್ತಾರೆ. ಆಗ ಐವತ್ತು ಜನರ ಒಂದೇ ಪಾಸ್‌ವರ್ಡ್‌ಗೆ ಐವತ್ತು ಬೇರೆ ಬೇರೆ ಗುರುತುಗಳು ಬರುತ್ತವೆ. ಮೊದಲೇ ಮಾಡಿಟ್ಟ ಪಟ್ಟಿ ನಿಷ್ಪ್ರಯೋಜಕವಾಗಿ, ಕಳ್ಳನು ಒಬ್ಬೊಬ್ಬರ ಮೇಲೂ ಪ್ರತ್ಯೇಕವಾಗಿ ಶ್ರಮಪಡಬೇಕಾಗುತ್ತದೆ. ಈ ಉಪ್ಪು ರಹಸ್ಯವಾಗಿರಬೇಕೆಂದಿಲ್ಲ. ಹ್ಯಾಷ್‌ನ ಜೊತೆಗೇ ಬರೆದಿಡಬಹುದು. ಪ್ರತಿಯೊಬ್ಬರಿಗೂ ಬೇರೆಯಾಗಿರುವುದಷ್ಟೇ ಮುಖ್ಯ.

ಇದು ಹೊಸ ವಿಚಾರವೇನಲ್ಲ. ಯುನಿಕ್ಸ್ ವ್ಯವಸ್ಥೆಯಲ್ಲಿ ಈ ವಿಧಾನವನ್ನು ಅಳವಡಿಸಿದ ಬಗೆಯನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿಯೇ ಪ್ರಕಟಿಸಿದ್ದರು. ಆದರೂ 2012ರಲ್ಲಿ ಲಿಂಕ್ಡ್‌ಇನ್ ಸಂಸ್ಥೆಯಿಂದ ಸೋರಿದ ಹ್ಯಾಷ್‌ಗಳಿಗೆ ಉಪ್ಪು ಬೆರೆಸಿರಲಿಲ್ಲ. ಮೊದಲು 65 ಲಕ್ಷ ಎಂದು ತಿಳಿದಿದ್ದ ಆ ಸೋರಿಕೆ, 2016ರಲ್ಲಿ 11 ಕೋಟಿಗೂ ಮೀರಿದ್ದೆಂದು ಬೆಳಕಿಗೆ ಬಂದಿತು.

6. ನಿಧಾನವೇ ರಕ್ಷಣೆ

ಹ್ಯಾಷ್‌ನಿಂದ ಪಾಸ್‌ವರ್ಡ್‌ಗೆ ನೇರ ದಾರಿಯಿಲ್ಲದಿದ್ದರೂ ಊಹೆಯ ದಾರಿ ಇದೆ. ಎಂಡಿ5, ಶಾ-1 ಮುಂತಾದ ಹಳೆಯ ಹ್ಯಾಷ್ ವಿಧಾನಗಳು ದೊಡ್ಡ ಕಡತಗಳನ್ನು ಶೀಘ್ರವಾಗಿ ತಾಳೆ ನೋಡಲೆಂದು ರೂಪುಗೊಂಡವು. ಆಟಗಳಿಗಾಗಿ ಮಾರಾಟವಾಗುವ ಇಂದಿನ ಒಂದು ಗ್ರಾಫಿಕ್ಸ್ ಕಾರ್ಡ್ ಇಂತಹ ಹ್ಯಾಷ್‌ಗಳನ್ನು ಸೆಕೆಂಡಿಗೆ ಸಾವಿರಾರು ಕೋಟಿಯಷ್ಟು ಲೆಕ್ಕಹಾಕಬಲ್ಲದು. ಭಾರತದ ಮೊಬೈಲ್ ಸಂಖ್ಯೆಗಳು 6, 7, 8 ಅಥವಾ 9ರಿಂದ ಆರಂಭವಾಗುವ ಹತ್ತು ಅಂಕಿಗಳಾದುದರಿಂದ ಅವುಗಳ ಒಟ್ಟು ಸಾಧ್ಯತೆ 400 ಕೋಟಿ. ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಮಾಡಿಕೊಂಡವರದು ಇಂತಹ ಯಂತ್ರದ ಮುಂದೆ ಒಂದು ಸೆಕೆಂಡು ಸಹ ನಿಲ್ಲದು.

ಆದುದರಿಂದ ಪಾಸ್‌ವರ್ಡ್‌ಗಳಿಗಾಗಿ ಉದ್ದೇಶಪೂರ್ವಕವಾಗಿ ನಿಧಾನಗೊಳಿಸಿದ ಹ್ಯಾಷ್ ವಿಧಾನಗಳನ್ನು ರೂಪಿಸಲಾಗಿದೆ. 1999ರಲ್ಲಿ ಪ್ರಕಟವಾದ ಬಿಕ್ರಿಪ್ಟ್, ಹಾಗೂ 2015ರಲ್ಲಿ ಅಂತಾರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಆಯ್ಕೆಯಾದ ಆರ್ಗಾನ್2 ಇವುಗಳಲ್ಲಿ ಮುಖ್ಯವಾದವು. ಬಿಕ್ರಿಪ್ಟ್‌ನಲ್ಲಿ ಶ್ರಮದ ಪ್ರಮಾಣವನ್ನು ಒಂದು ಅಂಕಿಯಿಂದ ನಿಗದಿಪಡಿಸಲಾಗುತ್ತದೆ. ಆ ಅಂಕಿಯನ್ನು ಒಂದರಷ್ಟು ಹೆಚ್ಚಿಸಿದರೆ ಬೇಕಾಗುವ ಸಮಯ ಎರಡರಷ್ಟಾಗುತ್ತದೆ. ಆರ್ಗಾನ್2 ಸಮಯದ ಜೊತೆಗೆ ಹೆಚ್ಚಿನ ಮೆಮೊರಿಯನ್ನೂ ಬೇಡುವುದರಿಂದ, ಏಕಕಾಲಕ್ಕೆ ಲಕ್ಷಾಂತರ ಊಹೆಗಳನ್ನು ಪರೀಕ್ಷಿಸುವುದು ಕಷ್ಟವಾಗುತ್ತದೆ.

ಒಂದು ಊಹೆಗೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕೆಂದಿಟ್ಟುಕೊಳ್ಳೋಣ. ಕರ ತುಂಬಲು ಬಂದವರಿಗೆ ಈ ವಿಳಂಬ ತಿಳಿಯುವುದೇ ಇಲ್ಲ. ಆದರೆ 400 ಕೋಟಿ ಊಹೆಗಳಿಗೆ ಒಂದು ಯಂತ್ರಕ್ಕೆ 40 ಕೋಟಿ ಸೆಕೆಂಡು, ಅಂದರೆ ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಬೇಕಾಗುತ್ತದೆ. ಅದೂ ಒಬ್ಬನ ಪಾಸ್‌ವರ್ಡ್‌ಗೆ ಮಾತ್ರ.

ಈ ಲೆಕ್ಕಕ್ಕೂ ಮಿತಿಯುಂಟು. ಜನ್ಮದಿನಾಂಕವನ್ನು ಪಾಸ್‌ವರ್ಡ್ ಮಾಡಿಕೊಂಡರೆ ನೂರು ವರ್ಷಗಳ ದಿನಾಂಕಗಳು ಸುಮಾರು 36,500 ಮಾತ್ರ. ಮೇಲಿನ ನಿಧಾನ ವೇಗದಲ್ಲಿಯೂ ಒಂದು ಗಂಟೆಯ ಕೆಲಸ. ಇನ್ನು ಸ್ವಂತ ಮೊಬೈಲ್ ಸಂಖ್ಯೆಯು ಅದೇ ವಹಿಯ ಪಕ್ಕದ ಕಾಲಂನಲ್ಲಿಯೇ ಇರುವುದರಿಂದ, ಕಳ್ಳನ ಮೊದಲನೆಯ ಊಹೆ ಅದೇ ಆಗಿರುತ್ತದೆ. ಆದಕಾರಣ ಸ್ವಂತ ಮೊಬೈಲ್ ಸಂಖ್ಯೆ, ಜನ್ಮದಿನಾಂಕ, 123456 ಮುಂತಾದವುಗಳನ್ನು ತಂತ್ರಾಂಶವು ನೋಂದಣಿಯ ಹಂತದಲ್ಲಿಯೇ ನಿರಾಕರಿಸಬೇಕು.

7. ನಮ್ಮ ರಾಜ್ಯದ ಒಂದು ನಿದರ್ಶನ

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಆನ್‌ಲೈನ್ ಕಿರಾಣಿ ಸಂಸ್ಥೆ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಸೋರಿಕೆಯಾದ ವಿಷಯವು 2020ರ ನವೆಂಬರ್‌ನಲ್ಲಿ ಬಹಿರಂಗವಾಯಿತು. ಸಂಸ್ಥೆಯು ಬೆಂಗಳೂರಿನ ಸೈಬರ್ ಅಪರಾಧ ಪೊಲೀಸರಿಗೆ ದೂರು ನೀಡಿತು. 2021ರ ಏಪ್ರಿಲ್‌ನಲ್ಲಿ ಆ ಪಟ್ಟಿಯು ಅಂತರ್ಜಾಲದಲ್ಲಿ ಯಾರು ಬೇಕಾದರೂ ಪಡೆಯುವಂತೆ ಪ್ರಕಟವಾಯಿತು. ಹೆಸರು, ಇ-ಮೇಲ್, ದೂರವಾಣಿ ಸಂಖ್ಯೆ, ವಿಳಾಸಗಳೊಂದಿಗೆ ಪಾಸ್‌ವರ್ಡ್‌ಗಳ ಹ್ಯಾಷ್‌ಗಳೂ ಅದರಲ್ಲಿದ್ದವು. ಅವು ಮೇಲೆ ಹೇಳಿದ ಶಾ-1 ಎಂಬ ವೇಗದ ವಿಧಾನದವು. ಪಟ್ಟಿ ಪಡೆದವರು ಕೆಲವೇ ದಿನಗಳಲ್ಲಿ ಸುಮಾರು 20 ಲಕ್ಷ ಪಾಸ್‌ವರ್ಡ್‌ಗಳನ್ನು ಪತ್ತೆಹಚ್ಚಿರುವುದಾಗಿ ಹೇಳಿಕೊಂಡರು.

ಇಷ್ಟು ದೊಡ್ಡ ಸಂಸ್ಥೆಯ ವಹಿಯೂ ಕಳುವಾಗಬಹುದಾದರೆ ಪಂಚಾಯತಿಯ ತಂತ್ರಾಂಶದ್ದು ಎಂದಿಗೂ ಕಳುವಾಗದೆಂದು ನಂಬಿ ಕೂರಲಾಗದು. ಕಳುವಾದ ಮೇಲೂ ಕಳ್ಳನ ಕೈಗೆ ಉಪಯುಕ್ತವಾದುದೇನೂ ಸಿಗದಂತೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದು ವಿವೇಕ.

8. ಕನ್ನಡದಲ್ಲಿ ಪಾಸ್‌ವರ್ಡ್

ಗ್ರಾಮಸ್ಥರು ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಪಾಸ್‌ವರ್ಡ್ ಇಟ್ಟುಕೊಳ್ಳಲು ಅವಕಾಶವಿರುವುದು ಅಪೇಕ್ಷಣೀಯ. ನೆನಪಿಡಲು ಸುಲಭವಾದ, ಊಹಿಸಲು ಕಠಿಣವಾದ ನಾಲ್ಕೈದು ಪದಗಳ ಪಾಸ್‌ವರ್ಡ್ ತಾಯ್ನುಡಿಯಲ್ಲಿಯೇ ಚೆನ್ನಾಗಿ ಮೂಡುತ್ತದೆ. ಆದರೆ ಇಲ್ಲಿ ತಂತ್ರಾಂಶ ತಯಾರಕರು ಗಮನಿಸಬೇಕಾದ ಎರಡು ಸೂಕ್ಷ್ಮಗಳಿವೆ.

ಮೊದಲನೆಯದಾಗಿ, ಯುನಿಕೋಡ್ ಪದ್ಧತಿಯಲ್ಲಿ ಒಂದೇ ಅಕ್ಷರವನ್ನು ಎರಡು ಬಗೆಯಲ್ಲಿ ಬರೆಯಲು ಸಾಧ್ಯವಿದೆ. ‘ಕರೋಶಿ’ ಎಂಬ ಪದವನ್ನೇ ನೋಡಿ. ಇದರಲ್ಲಿನ ‘ರೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ದಾಖಲಿಸಬಹುದು, ಇಲ್ಲವೇ ಮೂರು ಬಿಡಿ ಸಂಕೇತಗಳ ಜೋಡಣೆಯಾಗಿಯೂ ದಾಖಲಿಸಬಹುದು. ಮೊದಲ ಬಗೆಯಲ್ಲಿ ಈ ಪದಕ್ಕೆ ಐದು ಸಂಕೇತಗಳು, ಎರಡನೆಯ ಬಗೆಯಲ್ಲಿ ಏಳು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ; ಹ್ಯಾಷ್ ಮಾತ್ರ ಬೇರೆ ಬೇರೆಯಾಗುತ್ತದೆ. ಒಂದು ಫೋನಿನಲ್ಲಿ ಖಾತೆ ತೆರೆದವರಿಗೆ ಬೇರೆ ಕೀಲಿಮಣೆಯಿರುವ ಯಂತ್ರದಲ್ಲಿ, ಸರಿಯಾದ ಪಾಸ್‌ವರ್ಡ್ ಬರೆದರೂ ಪ್ರವೇಶ ನಿರಾಕರಣೆಯಾಗಬಹುದು. ಇದನ್ನು ತಪ್ಪಿಸಲು, ಹ್ಯಾಷ್ ಮಾಡುವ ಮುನ್ನ ಪಠ್ಯವನ್ನು ಏಕರೂಪಕ್ಕೆ ತರುವ ಕ್ರಿಯೆಯನ್ನು ತಂತ್ರಾಂಶದಲ್ಲಿ ಅಳವಡಿಸಬೇಕು.

ಎರಡನೆಯದಾಗಿ, ಬಿಕ್ರಿಪ್ಟ್ ವಿಧಾನವು ಪಾಸ್‌ವರ್ಡ್‌ನ ಮೊದಲ 72 ಬೈಟ್‌ಗಳನ್ನು ಮಾತ್ರ ಪರಿಗಣಿಸುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿ ಸಂಕೇತಕ್ಕೆ ಸಾಮಾನ್ಯವಾಗಿ ಮೂರು ಬೈಟ್ ಬೇಕು. ಅಂದರೆ ಕನ್ನಡದಲ್ಲಿ 24 ಸಂಕೇತಗಳಿಗೇ ಮಿತಿ ಮುಗಿಯುತ್ತದೆ. ಗುಣಿತಾಕ್ಷರಗಳಿಗೆ ತಲಾ ಎರಡು ಸಂಕೇತ ಬೇಕಾದುದರಿಂದ ಇದು ಎರಡು ಮೂರು ಪದಗಳಷ್ಟೇ. ಉಳಿದ ಪದಗಳು ಗಣನೆಗೆ ಬಾರವು. ಆದಕಾರಣ ಕನ್ನಡ ಪಾಸ್‌ವರ್ಡ್‌ಗಳಿಗೆ ಆರ್ಗಾನ್2 ಹೆಚ್ಚು ಸೂಕ್ತ.

9. ಡೇಟಾಬೇಸಿನ ಹೊರಗಿನ ಎಚ್ಚರಿಕೆಗಳು

ಡೇಟಾಬೇಸಿನಲ್ಲಿ ಹ್ಯಾಷ್ ಮಾತ್ರ ಇದ್ದರೂ ಬೇರೆ ದಾರಿಗಳಿಂದ ಪಾಸ್‌ವರ್ಡ್ ಸೋರಬಹುದು. ತಂತ್ರಾಂಶವು ತನ್ನ ಕೆಲಸದ ದಿನಚರಿಯನ್ನು ಲಾಗ್ ಎಂಬ ಕಡತದಲ್ಲಿ ಬರೆದುಕೊಳ್ಳುತ್ತದೆ. ಅದರಲ್ಲಿ ಪಾಸ್‌ವರ್ಡ್‌ಗಳೂ ಅಜಾಗರೂಕತೆಯಿಂದ ಸೇರಿಬಿಡಬಹುದು. ಫೇಸ್‌ಬುಕ್ ಸಂಸ್ಥೆಯ ಆಂತರಿಕ ಕಡತಗಳಲ್ಲಿ ಕೋಟ್ಯಂತರ ಬಳಕೆದಾರರ ಪಾಸ್‌ವರ್ಡ್‌ಗಳು ಓದಬಹುದಾದ ರೂಪದಲ್ಲಿ ಉಳಿದಿದ್ದ ಸಂಗತಿ 2019ರಲ್ಲಿ ಹೊರಬಂದಿತು. ಹಾಗೆಯೇ ನಾಗರಿಕನ ಫೋನಿನಿಂದ ಸರ್ವರ್‌ಗೆ ಮಾಹಿತಿ ಸಾಗುವ ಮಾರ್ಗವು ಎಚ್‌ಟಿಟಿಪಿಎಸ್ ರಕ್ಷಣೆ ಹೊಂದಿರಬೇಕು. ತಪ್ಪು ಪಾಸ್‌ವರ್ಡ್‌ನ ಪ್ರಯತ್ನಗಳಿಗೆ ಮಿತಿ ಇರಬೇಕು.

ಈಗಾಗಲೇ ಇದ್ದಂತೆಯೇ ಪಾಸ್‌ವರ್ಡ್ ಸಂಗ್ರಹಿಸುತ್ತಿರುವ ತಂತ್ರಾಂಶವಿದ್ದಲ್ಲಿ ಎದೆಗುಂದಬೇಕಿಲ್ಲ. ಎಲ್ಲವನ್ನೂ ಒಮ್ಮೆಲೇ ಹ್ಯಾಷ್‌ಗೆ ಪರಿವರ್ತಿಸಿ, ಹಳೆಯ ಕಾಲಂ ಅನ್ನು ಅಳಿಸಬಹುದು. ಹಳೆಯ ಬ್ಯಾಕಪ್ ಪ್ರತಿಗಳನ್ನೂ ನಾಶಪಡಿಸಲು ಮರೆಯಬಾರದು. ಇಲ್ಲವಾದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಗುತ್ತದೆ.

ಯಾವುದೇ ತಾಂತ್ರಿಕ ರಕ್ಷಣೆಯನ್ನು ಪಾಸ್‌ವರ್ಡ್ ಹಂಚಿಕೊಳ್ಳುವ ಅಭ್ಯಾಸ ವ್ಯರ್ಥಗೊಳಿಸುತ್ತದೆ. ಕಚೇರಿಯ ಗೋಡೆಗೆ ಅಂಟಿಸಿದ ಚೀಟಿ, ಎಲ್ಲ ಸಿಬ್ಬಂದಿಗೂ ಒಂದೇ ಪಾಸ್‌ವರ್ಡ್, ಅಧ್ಯಕ್ಷರ ಡಿಜಿಟಲ್ ಸಹಿಯ ಟೋಕನ್ ಬೇರೆಯವರ ವಶದಲ್ಲಿರುವುದು, ಇವು ಸರ್ವಥಾ ಸಲ್ಲದು. ಸಹಿ ಯಾರ ಹೆಸರಿನಲ್ಲಿದೆಯೋ ಹೊಣೆಯೂ ಅವರದೇ ಎಂಬುದನ್ನು ಮಾನ್ಯ ಅಧ್ಯಕ್ಷರು ಗಮನದಲ್ಲಿಡುವುದು ಅಗತ್ಯ.

10. ಕಾನೂನಿನ ನೆಲೆ

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 66ಸಿ ಅನ್ವಯ, ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಎಲೆಕ್ಟ್ರಾನಿಕ್ ಸಹಿಯನ್ನು ಮೋಸದಿಂದ ಇಲ್ಲವೇ ಅಪ್ರಾಮಾಣಿಕವಾಗಿ ಬಳಸಿದವರಿಗೆ ಮೂರು ವರ್ಷಗಳವರೆಗೆ ಕಾರಾವಾಸ ಹಾಗೂ ಒಂದು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ವಿಧಿಸಬಹುದು. ಇದೇ ಅಧಿನಿಯಮದಡಿ 2011ರಲ್ಲಿ ಹೊರಡಿಸಿದ ನಿಯಮಗಳು ಪಾಸ್‌ವರ್ಡನ್ನು ಸೂಕ್ಷ್ಮ ವೈಯಕ್ತಿಕ ಮಾಹಿತಿ ಎಂದು ಪರಿಗಣಿಸಿವೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದ ಸಂದರ್ಭಕ್ಕೆ 250 ಕೋಟಿ ರೂಪಾಯಿಗಳವರೆಗೆ ದಂಡವನ್ನು ನಿಗದಿಪಡಿಸಿದೆ. ಸೈಬರ್ ಘಟನೆಗಳು ತಿಳಿದುಬಂದ ಆರು ಗಂಟೆಗಳೊಳಗಾಗಿ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನಗಳು ಹೇಳುತ್ತವೆ. ಇವು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಹಣ ಕಳೆದುಕೊಂಡ ನಾಗರಿಕರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡುವಂತೆ ತಿಳಿಹೇಳಬೇಕು.

11. ಸಭೆಯಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ತಂತ್ರಾಂಶದ ಪ್ರಸ್ತಾವನೆ ಸಭೆಯ ಮುಂದೆ ಬಂದಾಗ ಈ ಕೆಳಗಿನ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ನಡವಳಿಯಲ್ಲಿ ದಾಖಲಿಸುವುದು ಸೂಕ್ತ.

(ಅ) ಈ ಸೇವೆಗೆ ಪಾಸ್‌ವರ್ಡ್ ನಿಜವಾಗಿ ಅವಶ್ಯವೇ? ಮೊಬೈಲ್‌ಗೆ ಬರುವ ಓಟಿಪಿಯಿಂದ ಕೆಲಸವಾಗುವುದಾದರೆ ಪಾಸ್‌ವರ್ಡ್ ಸಂಗ್ರಹಿಸದಿರುವುದೇ ಮೇಲು. ಇಲ್ಲದ ವಸ್ತುವನ್ನು ಯಾರೂ ಕದಿಯಲಾರರು.

(ಆ) ಪಾಸ್‌ವರ್ಡ್ ಮರೆತವರಿಗೆ ಏನು ಮಾಡುತ್ತೀರಿ? ‘ಹಳೆಯ ಪಾಸ್‌ವರ್ಡನ್ನು ಸಂದೇಶದ ಮೂಲಕ ಕಳುಹಿಸುತ್ತೇವೆ’ ಎಂದು ಉತ್ತರ ಬಂದರೆ, ಪಾಸ್‌ವರ್ಡ್‌ಗಳನ್ನು ಓದಬಹುದಾದ ರೂಪದಲ್ಲಿ ಇಟ್ಟಿದ್ದಾರೆಂದೇ ಅರ್ಥ. ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಲು ಅಲ್ಪಾವಧಿಯ, ಒಮ್ಮೆ ಮಾತ್ರ ಬಳಸಬಹುದಾದ ಕೊಂಡಿ ಅಥವಾ ಓಟಿಪಿ ಕಳುಹಿಸುವುದೇ ಸರಿಯಾದ ಕ್ರಮ. ತಾಂತ್ರಿಕ ಜ್ಞಾನವಿಲ್ಲದ ಸದಸ್ಯರೂ ಈ ಒಂದು ಪ್ರಶ್ನೆಯಿಂದ ತಂತ್ರಾಂಶದ ಗುಣಮಟ್ಟವನ್ನು ಅಳೆಯಬಹುದು.

(ಇ) ಯಾವ ಹ್ಯಾಷ್ ವಿಧಾನ ಬಳಸಿದ್ದೀರಿ? ಆರ್ಗಾನ್2 ಅಥವಾ ಬಿಕ್ರಿಪ್ಟ್ ಎಂದಾದರೆ ಸಮ್ಮತ. ಎಂಡಿ5, ಶಾ-1 ಅಥವಾ ‘ನಮ್ಮದೇ ಸ್ವಂತ ವಿಧಾನ’ ಎಂದಾದರೆ ತಿದ್ದುಪಡಿ ಕೋರಬೇಕು.

(ಈ) ಪ್ರತಿ ಬಳಕೆದಾರರಿಗೂ ಬೇರೆ ಸಾಲ್ಟ್ ಇದೆಯೇ?

(ಉ) ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡ್‌ಗಳನ್ನು ತಂತ್ರಾಂಶ ತಿರಸ್ಕರಿಸುತ್ತದೆಯೇ? ಕನ್ನಡದ ಪಾಸ್‌ವರ್ಡ್‌ಗಳನ್ನು ಸ್ವೀಕರಿಸುತ್ತದೆಯೇ?

(ಊ) ಬ್ಯಾಕಪ್ ಪ್ರತಿಗಳು ಎಲ್ಲಿವೆ, ಯಾರ ವಶದಲ್ಲಿವೆ? ಒಪ್ಪಂದ ಮುಗಿದ ಮೇಲೆ ಗುತ್ತಿಗೆದಾರರ ಬಳಿಯಿರುವ ಪ್ರತಿಗಳನ್ನು ಅಳಿಸುವ ಷರತ್ತು ಇದೆಯೇ?

12. ಠರಾವಿನ ಮಾದರಿ

“ಗ್ರಾಮ ಪಂಚಾಯತಿಗಾಗಿ ತಯಾರಿಸಲಾಗುವ ತಂತ್ರಾಂಶದಲ್ಲಿ ನಾಗರಿಕರ ಪಾಸ್‌ವರ್ಡ್‌ಗಳನ್ನು ಮೂಲ ರೂಪದಲ್ಲಾಗಲಿ, ಮರಳಿ ಓದಬಹುದಾದ ಗೂಢಲಿಪಿಯಲ್ಲಾಗಲಿ ಸಂಗ್ರಹಿಸತಕ್ಕದ್ದಲ್ಲ. ಪ್ರತಿ ಬಳಕೆದಾರರಿಗೆ ಪ್ರತ್ಯೇಕ ಸಾಲ್ಟ್ ಸಹಿತ ಆರ್ಗಾನ್2 ಅಥವಾ ಬಿಕ್ರಿಪ್ಟ್ ವಿಧಾನದ ಹ್ಯಾಷ್ ಅನ್ನು ಮಾತ್ರ ಇಡತಕ್ಕದ್ದು. ಲಾಗ್ ಹಾಗೂ ಬ್ಯಾಕಪ್ ಕಡತಗಳಿಗೂ ಈ ಷರತ್ತು ಅನ್ವಯಿಸತಕ್ಕದ್ದು. ಸೋರಿಕೆ ಕಂಡುಬಂದ ಕೂಡಲೇ ಗುತ್ತಿಗೆದಾರರು ಪಂಚಾಯತಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಈ ಷರತ್ತುಗಳ ಪಾಲನೆಯನ್ನು ಪರಿಶೀಲಿಸಿದ ನಂತರವೇ ಅಂತಿಮ ಬಿಲ್ ಪಾವತಿಸಲು ಸಭೆಯು ಸರ್ವಾನುಮತದಿಂದ ಠರಾಯಿಸಿತು.”

ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಈ ಮಾದರಿಯನ್ನು ಮಾರ್ಪಡಿಸಿಕೊಳ್ಳಬಹುದು. ಈಗಾಗಲೇ ಖಾಸಗಿ ತಂತ್ರಾಂಶ ಬಳಸುತ್ತಿರುವ ಪಂಚಾಯತಿಗಳು ಮುಂದಿನ ಸಾಮಾನ್ಯ ಸಭೆಯಲ್ಲಿ ಮೇಲಿನ ಪ್ರಶ್ನೆಗಳನ್ನು ಚರ್ಚೆಗೆ ತೆಗೆದುಕೊಂಡು, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳ ಮುಖಾಂತರ ಗುತ್ತಿಗೆದಾರರಿಂದ ಲಿಖಿತ ಉತ್ತರ ಪಡೆಯಲು ಕೋರಲಾಗಿದೆ. ಗ್ರಾಮಸ್ಥರು ಪಂಚಾಯತಿಯನ್ನು ನಂಬಿ ಕೊಟ್ಟ ಪಾಸ್‌ವರ್ಡ್ ಅವರದಾಗಿಯೇ ಉಳಿಯುವಂತೆ ನೋಡಿಕೊಳ್ಳುವುದು, ಅವರು ತುಂಬಿದ ಕರದ ಹಣಕ್ಕೆ ಲೆಕ್ಕ ಇಡುವಷ್ಟೇ ಮುಖ್ಯವಾದ ಕರ್ತವ್ಯವಾಗಿರುತ್ತದೆ.